ಹೂಂಗುಟ್ಟೋರು ಬೇಕು: ಜೂನಿ ಭಾಷೆ ಇಷ್ಟು ಕಾಲ ಉಳಿದಿದ್ದು ಹೇಗೆ, ಈಗ ಸಡಿಲಾಗ್ತಿರೋದು ಎಲ್ಲಿ

ನಮ್ಮ ಕಡೆ ಅಜ್ಜಿ ಕಥೆ ಹೇಳ್ತಿದ್ರೆ ಕೇಳೋರು ಹ್ಞೂಂ ಹ್ಞೂಂ ಅಂತಾನೇ ಇರಬೇಕು, ಹೂಂಗುಟ್ಟೋದು ನಿಂತ್ರೆ "ನಿದ್ದೆ ಬಂತೇನೋ" ಅಂತ ಕೇಳಿ ಕಥೆನ ಅಲ್ಲಿಗೇ ಬಿಟ್ಟು ಮಗ್ಗುಲಾಗಿಬಿಡ್ತಿದ್ರು. ಅಮೆರಿಕಾದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಜೂನಿ ಅಂತ ಒಂದು ಊರಿದೆ, ಅಲ್ಲೂ ಕಥೆ ನಡೆಯೋದು ಹೀಗೇ. ಹೇಳೋರು "ಸೊನ್ ಅಹ್ಚಿ" ಅಂತ ಶುರು ಮಾಡ್ತಾರೆ, ಕೇಳೋರು "ಈ...ಸೋ" ಅಂತ ರಾಗ ಎಳೀತಾರೆ, ಆಮೇಲೆ "ಸೊಂತಿ ಇನೋ...ತೆ" ಅಂದ್ರೆ ಬಹಳ ಬಹಳ ಹಿಂದೆ ಅನ್ನೋ ಮಾತು, ಮತ್ತೆ ಈಸೋ, ಹಿಂಗೆ ಸಾಗಿ ಕೊನೆಗೆ "ಲೇ ಸೆಮ್ಕೊನಿಕ್ಯ" ಅಂದ್ರೆ ಕಥೆ ಮುಗೀತು. ಈ ಕಥೆಗಳಿಗೆ ತೆಲಪ್ನಾವೆ ಅಂತಾರೆ. ಇವನ್ನ ಚಳಿಗಾಲದಲ್ಲಿ ಮಾತ್ರ ಹೇಳಬೇಕು, ಅದೂ ರಾತ್ರಿ ಮಾತ್ರ. ಹಗಲು ಹೇಳಿದ್ರೆ ಸೂರ್ಯ ಬೇಗ ಮುಳುಗಿಬಿಡ್ತಾನೆ, ಬೇಸಿಗೆಲಿ ಹೇಳಿದ್ರೆ ಹೇಳಿದವನಿಗೆ ಹಾವು ಕಚ್ಚುತ್ತೆ ಅಂತ ನಂಬಿಕೆ.

ಈ ಭಾಷೆ ಬಗ್ಗೆ ಈಗ ಬರೆಯೋಕೆ ಕಾರಣ ಇದೆ. ಅಮೆರಿಕಾದ ಮೂಲನಿವಾಸಿ ಭಾಷೆಗಳು ಅಂದ್ರೆ ನಮಗೆ ಗೊತ್ತಿರೋ ಸುದ್ದಿ ಒಂದೇ ಥರದ್ದು, ಕೊನೆಯ ಮಾತುಗಾರ ತೀರಿಕೊಂಡ್ರು, ಭಾಷೆ ಸತ್ತುಹೋಯ್ತು. ಜೂನಿ ಆ ಲಿಸ್ಟಿಗೆ ಸೇರಲ್ಲ. ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಮಾತಾಡ್ತಾರೆ ಅಂತ ಸಾಮಾನ್ಯವಾಗಿ ಲೆಕ್ಕ ಕೊಡ್ತಾರೆ, ಅದರಲ್ಲಿ ಮಕ್ಕಳೂ ಇದ್ದಾರೆ, ಅಮೆರಿಕಾದ ಮಟ್ಟಿಗೆ ಇದು ಗಟ್ಟಿಮುಟ್ಟಾದ ಭಾಷೆ. ನಮ್ಮ ಜನಗಣತಿಯವರ ಕೈಗೆ ಸಿಕ್ಕಿದ್ರೆ ಇದರ ಹೆಸರೇ ಬರ್ತಿರಲಿಲ್ಲ ಅನ್ನೋದು ಬೇರೆ ಮಾತು, ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡೋ ಭಾಷೆನ ನಮ್ಮವರು ಹೆಸರು ಹಿಡಿದು ಪಟ್ಟಿಗೆ ಹಾಕದೆ "ಇತರೆ"ಗೆ ತಳ್ಳಿಬಿಡ್ತಾರಲ್ಲ. ಆದ್ರೆ ಇಷ್ಟು ಗಟ್ಟಿಯಾಗಿದ್ದ ಭಾಷೆನೇ ಈಗ ಮನೆ ಒಳಗೆ ಸಡಿಲಾಗ್ತಾ ಇದೆ, ಯಾರೂ ಬ್ಯಾನ್ ಮಾಡಿಲ್ಲ, ಯಾರೂ ಹೊಡೀತಿಲ್ಲ, ಆದ್ರೂ. ಇದು ಯಾಕೆ ಅನ್ನೋದು ನೋಡಬೇಕಾದ್ರೆ ಮೊದಲು ಇದು ಉಳಿದಿದ್ದು ಯಾಕೆ ಅಂತ ನೋಡಬೇಕು, ಆ ಭಾಗ ಯಾರೂ ಸರಿಯಾಗಿ ಹೇಳಲ್ಲ.

ಜೂನಿ ಅನ್ನೋ ಹೆಸರು ಅವರದ್ದಲ್ಲ, ಸ್ಪೇನಿನವರ ಬಾಯಿಂದ ಬಂದಿದ್ದು. ಅವರು ತಮ್ಮನ್ನ ಕರ್ಕೊಳ್ಳೋದು ಆಶಿವಿ ಅಂತ. ಒಬ್ಬ ಆದ್ರೆ ಶಿವಿ, ತುಂಬ ಜನ ಆದ್ರೆ ಆಶಿವಿ, ಭಾಷೆ ಶಿವಿಮ. ಊರಿಗೆ ಹಲೋನ ಇದಿವನ ಅಂತಾರೆ, ಅದರಲ್ಲಿ ಇದಿವನ ಅಂದ್ರೆ ನಟ್ಟನಡುವಿನ ಜಾಗ, ಪ್ರಪಂಚದ ಮಧ್ಯ ಅನ್ನೋ ಅರ್ಥದಲ್ಲಿ. ಗ್ಯಾಲಪ್ ಅನ್ನೋ ಹೈವೇ ಪಟ್ಟಣದಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆ ಕಾರಲ್ಲಿ ಹೋದ್ರೆ ಸಿಗುತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯೋವಾಗ ದೀರ್ಘ ತೋರಿಸೋಕೆ ಪಾಪ ಅವರು ಅಕ್ಷರದ ಪಕ್ಕ ಎರಡು ಚುಕ್ಕಿ ಇಡಬೇಕು, ನಮ್ಮ ಲಿಪಿಯಲ್ಲಾದ್ರೆ ಅ ಆ ಇ ಈ ಅಂತ ಆರಾಮಾಗಿ ಬರೆದುಬಿಡಬಹುದು, ಹ್ರಸ್ವ ದೀರ್ಘ ಎರಡೂ ಅಲ್ಲಿ ಅರ್ಥಾನೇ ಬದಲಿಸುತ್ತೆ ನಮ್ಮಲ್ಲಿ ಇದ್ದ ಹಾಗೆ. ಕ್ರಿಯಾಪದಾನೂ ವಾಕ್ಯದ ಕೊನೆಗೇ ಬರೋದು. ಸಂಸ್ಕೃತದ ಥರ ಇಬ್ಬರಿಗೆ ಅಂತಲೇ ಒಂದು ದ್ವಿವಚನ ಇದೆ. ನಮಗೆ ಕಷ್ಟ ಆಗೋದು ಒಂದು ಲಕಾರ, ನಾಲಿಗೆನ ಲ ಹೇಳೋ ಜಾಗದಲ್ಲೇ ಇಟ್ಟು ಧ್ವನಿ ಇಲ್ಲದೆ ಬರೀ ಗಾಳಿ ಊದಬೇಕು, ನಾನು ಎಷ್ಟು ಸಲ ಟ್ರೈ ಮಾಡಿದ್ರೂ ಉಗುಳು ಹಾರಿದ್ದೇ ಬಂತು.

ಶಿವಿ ಅಂತ ಓದಿದ ತಕ್ಷಣ ಶಿವನಿಗೂ ಇದಕ್ಕೂ ಸಂಬಂಧ ಇದೆ ಅಂತ ಯಾರಾದ್ರೂ ವಾಟ್ಸಾಪ್ ಫಾರ್ವರ್ಡ್ ಶುರು ಮಾಡೋಕೆ ಮುಂಚೆ ಹೇಳಿಬಿಡ್ತೀನಿ, ಇಲ್ಲ. ಜಪಾನಿಗೂ ಜೂನಿಗೂ ನಂಟು ಇದೆ ಅಂತ 2000ದಲ್ಲಿ ಒಂದು ಪುಸ್ತಕಾನೇ ಬಂದಿತ್ತು, ಭಾಷಾತಜ್ಞರು ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾ ಕಡೆಯ ಪೆನೂಶಿಯನ್ ಅನ್ನೋ ಗುಂಪಿಗೆ ಸೇರಿಸೋಕೆ 1964ರಲ್ಲಿ ಸ್ಟ್ಯಾನ್ಲಿ ನ್ಯೂಮನ್ ಅನ್ನೋ ಭಾಷಾತಜ್ಞರು ಒಂದು ಲೇಖನ ಬರೆದ್ರು, ಅದನ್ನ ಅವರು ಅರ್ಧ ತಮಾಷೆಗೆ ಬರೆದಿದ್ದು ಅಂತ ಆ ವಲಯದಲ್ಲಿ ಮಾತಿದೆ. ಒಟ್ಟಿನಲ್ಲಿ ಇವತ್ತಿಗೂ ಜೂನಿ ಒಂಟಿ ಭಾಷೆ, ಅಣ್ಣ ತಮ್ಮ ದಾಯಾದಿ ಅಂತ ಪ್ರಪಂಚದಲ್ಲಿ ಯಾರೂ ಪತ್ತೆ ಆಗಿಲ್ಲ. ನ್ಯೂ ಮೆಕ್ಸಿಕೋದಲ್ಲಿ ಇಂಥ ಪ್ಯುಬ್ಲೋ ಊರುಗಳು 19 ಇವೆ, ಮಣ್ಣಿನ ಮನೆ, ಜೋಳ, ದೇವರ ವೇಷದ ಕಚೀನಾ ಕುಣಿತ ಎಲ್ಲ ಹೆಚ್ಚುಕಮ್ಮಿ ಒಂದೇ ಥರ, ಆದ್ರೆ ಕೆಲವರದ್ದು ತೀವ, ಕೆಲವರದ್ದು ತೇವ, ಕೆಲವರದ್ದು ಕೆರೆಸ್, ಜೂನಿ ಮಾತ್ರ ಜೂನಿಲಿ ಮಾತ್ರ. ಕನ್ನಡ ಮರೆತವನಿಗೆ ತೆಲುಗೋ ತಮಿಳೋ ಅರ್ಧಂಬರ್ಧ ಕಿವಿಗೆ ಬಿದ್ದು ನೆನಪಾದೀತು, ಇವರಿಗೆ ಆ ಅನುಕೂಲಾನೂ ಇಲ್ಲ.

ಉಳಿದಿದ್ದಕ್ಕೆ ಮೊದಲನೇ ಕಾರಣ ಜಾಗ. 1539ರಲ್ಲಿ ಸ್ಪೇನಿನವರ ಕಡೆಯಿಂದ ಮೊದಲು ಬಂದವನು ಎಸ್ತೆವಾನಿಕೋ ಅನ್ನೋ ಆಫ್ರಿಕಾ ಮೂಲದ ಗುಲಾಮ, ಹವಿಕು ಅನ್ನೋ ಜೂನಿ ಊರಲ್ಲಿ ಅವನ ಕಥೆ ಮುಗೀತು. ಮರುವರ್ಷ ಚಿನ್ನದ ಏಳು ನಗರ ಹುಡುಕ್ಕೊಂಡು ಕೊರೊನಾಡೋ ಸೈನ್ಯ ಕಟ್ಕೊಂಡು ಬಂದ, ಸಿಕ್ಕಿದ್ದು ಕಲ್ಲು ಮಣ್ಣಿನ ಮನೆ ಮತ್ತೆ ಜೋಳ. 1680ರಲ್ಲಿ ಪ್ಯುಬ್ಲೋದವರೆಲ್ಲ ಒಟ್ಟಾಗಿ ಸ್ಪೇನಿನವರನ್ನ ಓಡಿಸಿದಾಗ ಜೂನಿಯವರು ಡೋವ ಯಲಾನೆ ಅನ್ನೋ ಚಪ್ಪಟೆ ತಲೆಯ ಬೆಟ್ಟ ಹತ್ತಿ ಕೂತ್ರು, ಹತ್ತಕ್ಕೂ ಹೆಚ್ಚು ವರ್ಷ ಅಲ್ಲೇ. ಕೆಳಗೆ ಇಳಿದಾಗ ಹಳೇ ಊರುಗಳಿಗೆ ಚದುರಿಹೋಗದೆ ಒಂದೇ ಊರಲ್ಲಿ ನೆಲೆಯಾದ್ರು. ಭಾಷೆ ಕಣ್ಣಿಂದ ನೋಡಿದ್ರೆ ಇದು ದೊಡ್ಡ ವಿಷಯ ಅಂತ ನನ್ನ ಲೆಕ್ಕ. ಚೆರೋಕೀಯಂಥ ಬೇರೆ ಬುಡಕಟ್ಟಿನವರನ್ನ ಸಾವಿರ ಮೈಲಿ ಆಚೆ ಒಕ್ಲಹೋಮಾಕ್ಕೆ ಅಟ್ಟಿದ್ರಲ್ಲ, ಜೂನಿಯವರು ಬಹಳಷ್ಟು ಜಮೀನು ಕಳ್ಕೊಂಡ್ರು, ಆದ್ರೆ ಆ ನಡುವಿನ ಜಾಗ ಬಿಟ್ಟು ಹೋಗಲಿಲ್ಲ. ಅದೇ ಬೆಟ್ಟ ಅದೇ ಬಾವಿ, ಹೆಸರುಗಳು ಅವೇ, ಪಕ್ಕದ ಮನೆಯವರೂ ಜೂನಿ ಆಡೋರೇ.

ಎರಡನೇ ಕಾರಣ ಇನ್ನೂ ಸ್ವಾರಸ್ಯ. ಕೀವಾ ಅಂತ ಕೇಳಿರ್ತೀರ, ಪೂಜೆ ವ್ರತ ದೀಕ್ಷೆ ಎಲ್ಲ ನಡೆಯೋ ಕೋಣೆ, ಜೂನಿಯಲ್ಲಿ ಅಂಥ ಆರು ಕೀವಾ ಗುಂಪುಗಳಿವೆ. ಅದೇ ನ್ಯೂಮನ್ 1955ರಲ್ಲಿ ಒಂದು ಲೇಖನದಲ್ಲಿ ತೋರಿಸಿದ್ರು, ಆ ಕೋಣೆ ಒಳಗೆ ಎಲ್ಲ ಪದಗಳಿಗೂ ಪ್ರವೇಶ ಇಲ್ಲ. ದಿನಬಳಕೆಯ ಕೆಲವು ಪದ, ಹುಡುಗರ ಪೋಲಿ ಪದ, ಹೊರಗಿಂದ ಬಂದ ಪದ ಇವೆಲ್ಲ ಬಾಗಿಲಾಚೆ. ಬಿಳಿಯರಿಗೆ ಜೂನಿಲಿ ಮೆಲಿಕ ಅಂತಾರೆ, ಅಮೆರಿಕಾನೋ ಅನ್ನೋದು ಸವೆದು ಸವೆದು ಆಗಿರೋದು, ಅಂಗಡಿಲಿ ರೋಡಲ್ಲಿ ಸಲೀಸಾಗಿ ಬಳಸೋ ಪದ, ಕೀವಾ ಒಳಗೆ ಅದನ್ನ ಆಡೋದು ರೇಡಿಯೋ ಹಿಡ್ಕೊಂಡು ಒಳಗೆ ಬಂದಷ್ಟೇ ಅಸಭ್ಯ ಅನ್ನೋ ಥರದ ಹೋಲಿಕೆ ಅವರು ಕೊಡ್ತಾರೆ. ನಮಗೆ ಇದನ್ನ ಅರ್ಥ ಮಾಡ್ಕೊಳ್ಳೋಕೆ ಥಿಯರಿ ಬೇಡ, ಒಂದೇ ಪದ ಸಾಕು, ಮಡಿ. ಬಟ್ಟೆಗೆ ಮಡಿ ಇರೋ ಹಾಗೆ ಅಲ್ಲಿ ಮಾತಿಗೆ ಮಡಿ.

ಈ ಮಡಿಯಿಂದ ಆಗಿದ್ದೇನಪ್ಪಾ ಅಂದ್ರೆ, ಜೂನಿ ಭಾಷೆಗೆ ಬೇರೆ ಯಾವ ಭಾಷೆನೂ ಮಾಡೋಕಾಗದ ಒಂದು ಕೆಲಸ ಉಳೀತು. ಇಂಗ್ಲಿಷಲ್ಲಿ ಪ್ರಾರ್ಥನೆ ಅನುವಾದ ಮಾಡ್ಕೊಂಡು ನಡೆಸೋಣ ಬಿಡಿ ಅನ್ನೋ ಮಾತೇ ಅಲ್ಲಿ ಬರಲ್ಲ. ಗಂಡುಮಕ್ಕಳು ಕೀವಾ ಸೇರಬೇಕು, ಸೇರಿದ ಮೇಲೆ ಗಂಟೆಗಟ್ಟಲೆ ಹೇಳೋ ಪಠ್ಯ ಬಾಯಿಪಾಠ ಆಗಬೇಕು, ಡಿಸೆಂಬರ್ ಹೊತ್ತಿಗೆ ಶಲಾಕೋ ಬರುತ್ತೆ, ಹತ್ತಡಿ ಎತ್ತರದ ಶಲಾಕೋ ಅನ್ನೋ ದೇವದೂತರು ಹೊಸ ಮನೆಗಳಿಗೆ ಬಂದು ಹರಸಿ ರಾತ್ರಿಯೆಲ್ಲ ಕುಣಿಯೋ ಹಬ್ಬ, ಅದಕ್ಕೆ ಮನೆ ಕಟ್ಟೋರು ವರ್ಷವಿಡೀ ಸಾಲ ಸೋಲ ಮಾಡಿ ತಯಾರಾಗ್ತಾರೆ. ಈ ಇಡೀ ಯಂತ್ರ ಓಡೋದು ಜೂನಿ ಮಾತಿನ ಮೇಲೆ. ಭಾಷೆ ಉಳಿಸೋಣ ಅಂತ ಯಾರೂ ಮೈಕ್ ಹಿಡೀಲಿಲ್ಲ, ಭಾಷೆ ಇಲ್ಲದೆ ಕೆಲಸ ನಡೀತಿರಲಿಲ್ಲ ಅಷ್ಟೇ.

ಮಾತಿನ ಒಳಗೆ ಏನೆಲ್ಲ ಅಡಗಿರುತ್ತೆ ಅನ್ನೋದಕ್ಕೆ ಒಂದು ಚಿಕ್ಕ ಉದಾಹರಣೆ, ನನಗೆ ತುಂಬ ಇಷ್ಟ ಆಗಿದ್ದು. ಫ್ರ್ಯಾಂಕ್ ಕುಶಿಂಗ್ ಅಂತ ಒಬ್ಬ 1879ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂ ಸಂಸ್ಥೆ ಕಡೆಯಿಂದ ಜೂನಿಗೆ ಬಂದ, ಬಂದವನು ಬೇಗ ಹೋಗಲೇ ಇಲ್ಲ, 1884ರವರೆಗೆ ಅಲ್ಲೇ ಇದ್ದು ಭಾಷೆ ಕಲಿತು ಅವರ ಬಿಲ್ಲಿನ ಪೂಜಾರಿಗಳ ಗುಂಪಿಗೂ ಸೇರ್ಕೊಂಡ. ಅವನು ಜೂನಿ ಎಣಿಕೆ ಬಗ್ಗೆ ಬರೆದಿದ್ದು ಹೀಗಿದೆ: ಒಂದು ಅನ್ನೋಕೆ ತೊಪಿಂತೆ, ಅಂದ್ರೆ ಶುರುಮಾಡೋಕೆ ತಗೊಂಡಿದ್ದು. ಎರಡು ಕ್ವಿಲ್ಲಿ, ಅದರ ಜೊತೆ ಮಡಿಸಿದ್ದು. ಮೂರು ಹಾಇ, ಸಮ ಪಾಲು ಮಾಡೋ ಬೆರಳು. ನಾಲ್ಕಕ್ಕೆ ಅವಿತೆ, ಎಲ್ಲ ಬೆರಳೂ ಮುಗಿಯೋಕೆ ಬಂತು ಅಂತ. ಐದು ಒಪ್ತೆ, ಕಚ್ಚು ಹಾಕಿ ಮುಗಿಸಿದ್ದು. ಕೈ ಮಡಚಿಕೊಂಡು ಓದಿ ನೋಡಿ, ನಡುಬೆರಳು ಎರಡು ಕಡೆಗೂ ಎರಡೆರಡು ಬೆರಳು ಬಿಟ್ಟು ನಿಂತಿರುತ್ತೆ. ಕುಶಿಂಗ್ ಕೊಟ್ಟ ಈ ಬಿಡಿಸುವಿಕೆಯಲ್ಲಿ ಅವನ ಕಲ್ಪನೆ ಎಷ್ಟು ಸೇರಿದೆ ಅಂತ ವಾದ ಮಾಡೋರು ಮಾಡಲಿ, ಆದ್ರೂ ಎಣಿಸೋ ಕೈ ಕಣ್ಣ ಮುಂದೆ ಬರುತ್ತೆ.

ಇನ್ನೊಂದು, 1950ರ ದಶಕದಲ್ಲಿ ಲೆನ್ನೆಬರ್ಗ್, ರಾಬರ್ಟ್ಸ್ ಅನ್ನೋ ಇಬ್ಬರು ಬಣ್ಣದ ಚೂರುಗಳನ್ನ ಇಟ್ಕೊಂಡು ಪ್ರಯೋಗ ಮಾಡಿದ್ರು. ಜೂನಿಯಲ್ಲಿ ಹಳದಿ ಕಿತ್ತಳೆ ಎರಡಕ್ಕೂ ಒಂದೇ ಪದ. ಜೂನಿ ಮಾತ್ರ ಬಲ್ಲವರು ನೋಡಿದ ಚೂರನ್ನ ಮತ್ತೆ ಆರಿಸೋವಾಗ ಈ ಎರಡನ್ನ ಆಗಾಗ ಅದಲು ಬದಲು ಮಾಡ್ತಿದ್ರು, ಇಂಗ್ಲಿಷಿನವರು ಮಾಡ್ತಿರಲಿಲ್ಲ, ಎರಡೂ ಬಲ್ಲವರು ಮಧ್ಯದಲ್ಲಿ ಬಂದ್ರು. ಆ ಮಧ್ಯದಲ್ಲಿ ಇದ್ದವರ ಮೊಮ್ಮಕ್ಕಳು ಮರಿಮಕ್ಕಳೇ ಈಗಿನ ಸಮಸ್ಯೆಯ ನಟ್ಟನಡುವೆ ಇರೋರು.

ಸರಿ, ಹಾಗಾದ್ರೆ ಈಗ ಏನಾಗಿದೆ. ಕುಶಿಂಗ್ ಜೂನಿಗೆ ಬಂದ 1879ರಲ್ಲೇ ಪೆನ್ಸಿಲ್ವೇನಿಯಾದಲ್ಲಿ ಕಾರ್ಲೈಲ್ ಇಂಡಿಯನ್ ಸ್ಕೂಲ್ ಶುರುವಾಗಿತ್ತು, ಮಕ್ಕಳನ್ನ ಮನೆಯಿಂದ ಕಿತ್ಕೊಂಡು ಹೋಗಿ ಕೂದಲು ಕತ್ತರಿಸಿ, ತಮ್ಮ ಭಾಷೆ ಮಾತಾಡಿದ್ರೆ ಶಿಕ್ಷೆ ಕೊಡೋ ಮಾದರಿ ಅಲ್ಲಿಂದ ಹಬ್ಬಿತು. ಜೂನಿ ಮಕ್ಕಳೂ ಬೋರ್ಡಿಂಗ್ ಸ್ಕೂಲಿಗೆ ಹೋಗಿದ್ದಾರೆ, ಆದ್ರೆ ವಾಪಸ್ ಬಂದಾಗ ಊರು ಪೂರ್ತಿ ಜೂನಿಲೇ ಇರ್ತಿತ್ತು, ಭಾಷೆ ಮತ್ತೆ ಅಂಟ್ಕೊಳ್ತಿತ್ತು. 1994ರಲ್ಲೂ ಎಡ್ಮಂಡ್ ಲ್ಯಾಡ್, ಅವರು ಸ್ವತಃ ಜೂನಿಯವರು, ಪುರಾತತ್ವ ತಜ್ಞರು, ಮನೆಯಲ್ಲೂ ಊರಲ್ಲೂ ಮುಖ್ಯ ಮಾತು ಜೂನಿನೇ ಅಂತ ಬರೆದಿದ್ರು. ಅಂದ್ರೆ ಶತ್ರು ಎದುರಿಗೆ ನಿಂತಾಗ ಭಾಷೆ ತಡ್ಕೊಂಡಿತು. ಸಡಿಲಾಗಿದ್ದು ಆಮೇಲೆ, ಸಾಮಾನ್ಯ ದಿನಗಳಲ್ಲಿ. ಟಿವಿ, ಕೆಲಸಕ್ಕೆ ಗ್ಯಾಲಪ್ಪಿಗೋ ಆಲ್ಬುಕರ್ಕಿಗೋ ಹೋಗೋದು, ಬೇರೆ ಬುಡಕಟ್ಟಿನವರ ಜೊತೆ ಮದುವೆ, ಅಜ್ಜಿ ಮನೆಗೆ ಅಂಟಿಕೊಂಡಿದ್ದ ಮನೆಗಳ ಬದಲು ಊರ ಪಕ್ಕದ ಬ್ಲ್ಯಾಕ್ ರಾಕ್ ಕಡೆ ಬಿಡಿಬಿಡಿಯಾದ ಹೊಸ ಮನೆಗಳು, ಆಮೇಲೆ ಫೋನು. ಅಪ್ಪ ಅಮ್ಮ ಜೂನಿಲಿ ಕೇಳ್ತಾರೆ ಮಗು ಇಂಗ್ಲಿಷಲ್ಲಿ ಉತ್ತರ ಕೊಡುತ್ತೆ, ಅಪ್ಪ ಅಮ್ಮನೂ ನಿಧಾನಕ್ಕೆ ಇಂಗ್ಲಿಷಿಗೆ ತಿರುಗ್ತಾರೆ. ಈ ಸೀನ್ ನಾನು ಬೇರೆ ಕಡೆ ನೋಡಿಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ, ಫೀನಿಕ್ಸ್‌ನಲ್ಲಿ ನಮ್ಮ ಕನ್ನಡದ ಯುಗಾದಿ ಊಟದ ಸಾಲಲ್ಲಿ ನಿಂತ್ರೆ ಬೇಕಾದಷ್ಟು ಸಿಗುತ್ತೆ, ಆದ್ರೆ ನಮ್ಮ ಮಗು ಕನ್ನಡ ಬಿಟ್ರೆ ಮಂಡ್ಯದಲ್ಲಿ ಯಾರಿಗೂ ಏನೂ ಆಗಲ್ಲ, ಜೂನಿ ಮಗು ಬಿಟ್ರೆ ಬ್ಯಾಕಪ್ ಇಲ್ಲ. 2020ರ ಕೋವಿಡ್‌ನಲ್ಲಿ ಈ ಪ್ಯುಬ್ಲೋ ಊರುಗಳಿಗೆ ಜೋರು ಪೆಟ್ಟು ಬಿತ್ತು, ಇಂಥ ಕಡೆ ಹಿರಿಯರು ಒಬ್ಬರು ಹೋದ್ರೆ ಬಾಯಿಪಾಠ ಇದ್ದಿದ್ದು ಎಷ್ಟು ಹೋಯ್ತು ಅಂತ ಎಣಿಸೋಕೆ ಯಾವ ಲೆಕ್ಕವೂ ಇಲ್ಲ.

ಸ್ಕೂಲಲ್ಲಿ ಕಲಿಸಬಹುದಲ್ಲ ಅಂತೀರ. ಕಲಿಸ್ತಿದ್ದಾರೆ. 1980ರಲ್ಲಿ ಜೂನಿಯವರು ಗ್ಯಾಲಪ್ ಜಿಲ್ಲೆಯಿಂದ ಬೇರೆಯಾಗಿ ತಮ್ಮದೇ ಸ್ಕೂಲ್ ಡಿಸ್ಟ್ರಿಕ್ಟ್ ಮಾಡ್ಕೊಂಡ್ರು. ಆದ್ರೆ ದುಡ್ಡು ಎಲ್ಲಿಂದ? ಅಮೆರಿಕಾದಲ್ಲಿ ಸ್ಕೂಲಿಗೆ ದುಡ್ಡು ಬರೋದ್ರಲ್ಲಿ ಆಸ್ತಿ ತೆರಿಗೆ ದೊಡ್ಡ ಪಾಲು, ರಿಸರ್ವೇಶನ್ ಅಂದ್ರೆ ಮೂಲನಿವಾಸಿಗಳಿಗೆ ಅಂತ ಬಿಟ್ಟಿರೋ ಜಮೀನು, ಅದಕ್ಕೆ ತೆರಿಗೆ ಇಲ್ಲ, ಆ ಕೊರತೆ ತುಂಬೋಕೆ ಫೆಡರಲ್ ಸರ್ಕಾರ ಇಂಪ್ಯಾಕ್ಟ್ ಏಡ್ ಅಂತ ಕೊಡುತ್ತೆ. ನ್ಯೂ ಮೆಕ್ಸಿಕೋ ಏನು ಮಾಡ್ತಿತ್ತು ಅಂದ್ರೆ ಆ ಹಣದಲ್ಲಿ ಮುಕ್ಕಾಲು ಭಾಗ ಲೆಕ್ಕ ಹಾಕಿ ತಾನು ಕೊಡೋದ್ರಲ್ಲಿ ಅಷ್ಟನ್ನ ಮುರಿದುಕೊಳ್ತಿತ್ತು. ಜೂನಿ ಡಿಸ್ಟ್ರಿಕ್ಟ್ ಅಮೆರಿಕಾದ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, 2007ರಲ್ಲಿ 5-4ರಲ್ಲಿ ಸೋತಿತು. ಕೇಸು ನಿಂತಿದ್ದು ಒಂದು ಲೆಕ್ಕದ ಸೂತ್ರದ ಮೇಲೆ, ಶೇಕಡಾವಾರು ತೆಗೆಯೋವಾಗ ಡಿಸ್ಟ್ರಿಕ್ಟ್‌ಗಳನ್ನ ಎಣಿಸಬೇಕೋ ಮಕ್ಕಳನ್ನ ಎಣಿಸಬೇಕೋ ಅಂತ, ಓದಿದ್ರೆ ತಲೆ ಕೆಡುತ್ತೆ. ಆ ಮುರಿದುಕೊಳ್ಳೋದನ್ನ ರಾಜ್ಯ ನಿಲ್ಲಿಸಿದ್ದು 2021ರಲ್ಲಿ. ಮಧ್ಯೆ 2018ರಲ್ಲಿ ಯಾಜೀ-ಮಾರ್ಟಿನೆಜ್ ಕೇಸಲ್ಲಿ ರಾಜ್ಯದ ಕೋರ್ಟೇ ಹೇಳಿತು, ಮೂಲನಿವಾಸಿ ಮಕ್ಕಳಿಗೆ ಸಾಕಾಗುವಷ್ಟು ಶಿಕ್ಷಣ ಕೊಡೋದ್ರಲ್ಲಿ ಸರ್ಕಾರ ಫೇಲ್ ಆಗಿದೆ ಅಂತ. ಭಾಷೆಯ ಪ್ರಶ್ನೆ ಅಂತ ಶುರುವಾದದ್ದು ಹೀಗೆ ಬಜೆಟ್ ಟೇಬಲ್ಲಿಗೆ ಬಂದು ಕೂರುತ್ತೆ.

ದೆಹಲಿಯಂತೆ ವಾಷಿಂಗ್ಟನ್ನೂ ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಳ್ಳುತ್ತೆ. 1990ರಲ್ಲಿ ಮೂಲನಿವಾಸಿ ಭಾಷೆಗಳ ಕಾಯ್ದೆ ಬಂತು, ನೂರು ವರ್ಷ ಹೊಡೆದು ಬಡಿದು ಆದ ಮೇಲೆ ಇವನ್ನ ಕಾಪಾಡೋದು ನಮ್ಮ ನೀತಿ ಅಂತ. 2006ರಲ್ಲಿ ಎಸ್ತರ್ ಮಾರ್ಟಿನೆಜ್ ಹೆಸರಲ್ಲಿ ಇನ್ನೊಂದು, ಆಕೆ ತೇವ ಭಾಷೆಯ ಕಥೆಗಾರ್ತಿ, ಇದೇ ನ್ಯೂ ಮೆಕ್ಸಿಕೋದವರು. 2024ರ ಡಿಸೆಂಬರ್‌ನಲ್ಲಿ ಬೈಡನ್ ಸರ್ಕಾರ ಹೋಗೋ ಮುಂಚೆ ಹತ್ತು ವರ್ಷದ ಭಾಷಾ ಪುನರುಜ್ಜೀವನ ಯೋಜನೆ ಬಿಡುಗಡೆ ಮಾಡಿ 16.7 ಬಿಲಿಯನ್ ಡಾಲರ್ ಬೇಕು ಅಂತು. 2025ರ ಮಾರ್ಚ್ 1ಕ್ಕೆ ಟ್ರಂಪ್ ಇಂಗ್ಲಿಷೇ ಅಧಿಕೃತ ಭಾಷೆ ಅಂತ ಆದೇಶಕ್ಕೆ ಸಹಿ ಹಾಕಿದ್ರು. ಆದೇಶಕ್ಕಿಂತ ನೇರವಾಗಿ ತಾಗೋದು ಅದೇ ಜುಲೈನಲ್ಲಿ ಆಗಿದ್ದು, ಸಾರ್ವಜನಿಕ ರೇಡಿಯೋ ಟಿವಿಗೆ ಹೋಗಬೇಕಿದ್ದ 1.1 ಬಿಲಿಯನ್ ಡಾಲರ್‌ನ ಕಾಂಗ್ರೆಸ್ ವಾಪಸ್ ತಗೊಂಡಿತು, ರಿಸರ್ವೇಶನ್‌ಗಳ ಪುಟ್ಟ ಸ್ಟೇಷನ್‌ಗಳು ಬದುಕ್ತಿದ್ದಿದ್ದೇ ಆ ಹಣದಲ್ಲಿ. ಜೂನಿಲಿ ಕೆಶಿ ಅಂತ 90.9 ಎಫ್‌ಎಂ ಇದೆ, ಊರಿನದ್ದೇ ರೇಡಿಯೋ. ಇಂಥ ರೇಡಿಯೋದ ಬೆಲೆ ನಮಗೆ ಗೊತ್ತಾಗೋದು ಕಷ್ಟ. ಕೀವಾದ ಜೂನಿ ಮಡಿ, ಸರಿ, ಆದ್ರೆ ಭಾಷೆ ಬರೀ ಮಡಿಲೇ ಉಳಿದ್ರೆ ಸಂಸ್ಕೃತದ ಗತಿ, ನೀರು ಬರಲ್ಲ ನಾಳೆ ಅಂತ ಹೇಳೋಕೂ ಅದು ಬೇಕು. ಮಡಿ ಮಾತು ಗಟ್ಟಿಯಾಗಿ ನಿಂತಿರೋದು ಕೆಳಗಡೆ ಮೈಲಿಗೆ ಮಾತಿನ ದೊಡ್ಡ ರಾಶಿ ಇದ್ದಿದ್ರಿಂದ, ಈಗ ಕರಗ್ತಿರೋದು ಆ ರಾಶಿ. ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲಿದೆ.

ಈಗ ನಮ್ಮಂಥ ಕಂಪ್ಯೂಟರ್ ಜನ ತಕ್ಷಣ ಹೇಳೋದು, ಎಲ್ಲ ರೆಕಾರ್ಡ್ ಮಾಡಿ ನೆಟ್ಟಿಗೆ ಹಾಕಿ, ಆಪ್ ಮಾಡಿ, ಎಐಗೆ ಕಲಿಸಿ. ನಾನೂ ಹಾಗೇ ಅಂದ್ಕೊಂಡಿದ್ದೆ. ಜೂನಿಯವರು ಇದಕ್ಕೆ ಯಾಕೆ ಹಿಂದೇಟು ಹಾಕ್ತಾರೆ ಅನ್ನೋದು ಅರ್ಥ ಆಗಬೇಕಾದ್ರೆ ಆಹಯೂದ ಬಗ್ಗೆ ಗೊತ್ತಿರಬೇಕು. ಇವು ಅವಳಿ ಯುದ್ಧದೇವರ ಮರದ ಮೂರ್ತಿಗಳು, ಚಳಿಗಾಲದ ಸಂಕ್ರಮಣಕ್ಕೆ ಜಿಂಕೆ ಕುಲದವರು ಅಣ್ಣನನ್ನ, ಕರಡಿ ಕುಲದವರು ತಮ್ಮನನ್ನ ಕೆತ್ತಿ ಬೆಟ್ಟದ ಮೇಲಿನ ಬಯಲು ಗುಡಿಯಲ್ಲಿ ಇಟ್ಟು ಬರ್ತಾರೆ. ಮಳೆ ಬಿಸಿಲಿಗೆ ಸವೆದು ಮಣ್ಣಾಗೋದೇ ಅವುಗಳ ಕೆಲಸ, ಸವೀತಾ ಸವೀತಾ ಲೋಕಾನ ಕಾಯ್ತಾ ಇರ್ತವೆ. ಹೊರಗಿನವರು ಇವನ್ನ ಎತ್ಕೊಂಡು ಹೋಗಿ ಮ್ಯೂಸಿಯಂನಲ್ಲಿ ಗಾಜಿನ ಹಿಂದೆ, ಹುಳ ಹಿಡೀದ ಹಾಗೆ, ಜೋಪಾನವಾಗಿ ಇಟ್ರು. 1978ರಿಂದ ಜೂನಿಯವರು ಕೇಳೋಕೆ ಶುರು ಮಾಡಿದ್ರು, 1980ರಲ್ಲಿ ಡೆನ್ವರ್ ಆರ್ಟ್ ಮ್ಯೂಸಿಯಂ, 1987ರಲ್ಲಿ ಸ್ಮಿತ್‌ಸೋನಿಯನ್ ವಾಪಸ್ ಕೊಟ್ವು, ಆಮೇಲೆ ಒಂದೊಂದಾಗಿ ಡಜನ್‌ಗಟ್ಟಲೆ ಬಂದ್ವು. ಮ್ಯೂಸಿಯಂನವರ ವಾದ ಏನಿತ್ತು ಅಂದ್ರೆ, ಕೊಟ್ರೆ ಇವರು ಬಯಲಲ್ಲಿ ಇಟ್ಟು ಹಾಳು ಮಾಡ್ತಾರಲ್ಲ! ಕಾಪಾಡೋದು ಅನ್ನೋ ಪದಕ್ಕೆ ಇಬ್ಬರ ಹತ್ತಿರ ಉಲ್ಟಾ ಅರ್ಥ.

ಭಾಷೆ ವಿಷಯದಲ್ಲೂ ಇದೇ ಜಗಳ. ಕುಶಿಂಗ್ ಕೇಳಿದ್ದನ್ನೆಲ್ಲ ಬರ್ಕೊಂಡು ಹೋದ, ಮಟಿಲ್ಡಾ ಸ್ಟೀವನ್ಸನ್ ಅನ್ನೋ ಹೆಂಗಸು ಬೇಡ ಅಂದ್ರೂ ಪೂಜೆ ನಡೆಯೋ ಕಡೆ ನುಗ್ಗಿ ಬರೆದು ಫೋಟೋ ಹೊಡೆದು 1904ರಲ್ಲಿ ದಪ್ಪ ಪುಸ್ತಕ ಮಾಡಿದ್ಲು. ನೂರು ವರ್ಷ ಬಂದವರೆಲ್ಲ ಹೀಗೆ. 1990ರಲ್ಲಿ ಜೂನಿಯವರು ಶಲಾಕೋಗೆ ಹೊರಗಿನವರು ಬರಬೇಡಿ ಅಂತ ಬಾಗಿಲು ಹಾಕಿದ್ದು ಸುಮ್ಮನೆ ಅಲ್ಲ. ಇವತ್ತು ಊರಿಗೆ ಹೋದ್ರೆ ಬೀದಿಲಿ ಫೋಟೋ ಹೊಡೆಯೋಕೂ ಪರ್ಮಿಶನ್ ತಗೋಬೇಕು, ಪೂಜೆ ಕುಣಿತದ್ದಂತೂ ಇಲ್ಲವೇ ಇಲ್ಲ. 1960ರ ದಶಕದಿಂದ ಹಿರಿಯರ ಕಥೆಗಳನ್ನ ಟೇಪ್ ಮಾಡಿದ್ದಾರೆ, ಆ ಟೇಪು ಈಗ ಚಿನ್ನ, ಅದರಲ್ಲಿರೋ ಪದಗಳು ಎಷ್ಟೋ ಈಗ ಯಾರ ಬಾಯಲ್ಲೂ ಇಲ್ಲ. ಆದ್ರೆ ನೆಟ್ಟಿಗೆ ಹಾಕಿದ್ರೆ ಸರ್ವರ್‌ಗೆ ಚಳಿಗಾಲ ಯಾವುದು ಬೇಸಿಗೆ ಯಾವುದು? ಜೂನ್ ಮಧ್ಯಾಹ್ನ ಯಾವನೋ ಬಸ್ಸಲ್ಲಿ ಕೂತು ತೆಲಪ್ನಾವೆ ಕೇಳ್ತಾನೆ. ಇದು ಮೂಢನಂಬಿಕೆ ಅಂತ ನಗೋದು ಸುಲಭ, ಆದ್ರೆ ಯಾವಾಗ ಯಾರ ಮುಂದೆ ಹೇಳಬೇಕು ಅನ್ನೋ ಕಟ್ಟಳೆ ಬಿಟ್ರೆ ಕೇಳೋಕೆ ಒಟ್ಟಿಗೆ ಕೂರೋದೇ ಬಿಡ್ತೀವಿ ಅನ್ನೋದು ಅವರ ಭಯ, ಆ ಭಯದಲ್ಲಿ ಅರ್ಥ ಇದೆ. ಇನ್ನೊಂದು ಎಚ್ಚರಿಕೆ ಅವರ ಕಣ್ಣ ಮುಂದೇನೇ ಇದೆ, 2022ರಲ್ಲಿ ಲಕೋಟಾ ಅನ್ನೋ ಇನ್ನೊಂದು ಮೂಲನಿವಾಸಿ ಜನ ತಮ್ಮ ಅಜ್ಜ ಅಜ್ಜಿಯರ ರೆಕಾರ್ಡಿಂಗ್‌ನಿಂದ ಮಾಡಿದ ಪಠ್ಯಪುಸ್ತಕಕ್ಕೆ ಹೊರಗಿನ ಸಂಸ್ಥೆ ಕಾಪಿರೈಟ್ ಹಾಕ್ಕೊಂಡಿದೆ ಅಂತ ಸಿಟ್ಟಿಗೆದ್ದು ಆ ಸಂಸ್ಥೆನೇ ರಿಸರ್ವೇಶನ್‌ನಿಂದ ಹೊರಗಟ್ಟಿದ್ರು.

ಹಾಗಂತ ಜೂನಿಯವರು ಟೆಕ್ನಾಲಜಿ ಬೇಡ ಅನ್ನೋರಲ್ಲ. 1992ರಲ್ಲಿ ಆಶಿವಿ ಅವನ್ ಅಂತ ಅವರದ್ದೇ ಮ್ಯೂಸಿಯಂ ಆಯ್ತು, ಹೊರಗಿನವರಿಗಲ್ಲ ಮೊದಲು ನಮ್ಮೂರವರಿಗೆ ಅಂತ ಹೇಳ್ಕೊಂಡೇ ನಡೆಸ್ತಾರೆ. ಅಲ್ಲಿ ಬಹಳ ಕಾಲ ಡೈರೆಕ್ಟರ್ ಆಗಿದ್ದ ಜಿಮ್ ಇನೋಟ್ ಮ್ಯಾಪ್ ವಿಷಯ ಎತ್ಕೊಂಡ್ರು, ಸರ್ಕಾರಿ ಮ್ಯಾಪಲ್ಲಿ ಎಲ್ಲ ಇಂಗ್ಲಿಷ್ ಸ್ಪ್ಯಾನಿಷ್ ಹೆಸರು, ಗ್ರ್ಯಾಂಡ್ ಕ್ಯಾನ್ಯನ್ ಒಳಗಿನ ರಿಬ್ಬನ್ ಫಾಲ್ಸ್ ಟೂರಿಸ್ಟ್‌ಗೆ ಬರೀ ಜಲಪಾತ, ಜೂನಿಯವರಿಗೆ ತಮ್ಮ ಪೂರ್ವಜರು ಭೂಮಿ ಒಳಗಿಂದ ಹೊರಗೆ ಬಂದ ಜಾಗ, ಅದಕ್ಕೆ ಅವರದ್ದೇ ಹೆಸರಿದೆ. ಊರ ಕಲಾವಿದರ ಕೈಲಿ ಮ್ಯಾಪುಗಳನ್ನ ಪೇಂಟ್ ಮಾಡಿಸಿದ್ರು, ಉತ್ತರ ದಕ್ಷಿಣ ಬಾಣದ ಗುರುತಿಲ್ಲ ಸ್ಕೇಲ್ ಇಲ್ಲ, ಹೆಸರು ಮತ್ತೆ ನೆನಪು ಇದೆ. ಇದು ಬರೀ ಭಾವುಕತೆ ಅಂದ್ಕೋಬೇಡಿ, ಊರಿಂದ 60 ಮೈಲಿ ದಕ್ಷಿಣಕ್ಕಿರೋ ಉಪ್ಪಿನ ಕೆರೆ ಅವರಿಗೆ ಉಪ್ಪಿನ ತಾಯಿ, ಅದರ ಹತ್ತಿರ ಕಲ್ಲಿದ್ದಲು ಗಣಿ ಮಾಡೋಕೆ ಹೊರಟಿದ್ದ ಕಂಪನಿ 2003ರಲ್ಲಿ ಯೋಜನೆ ಕೈಬಿಡ್ತು, ಆ ಹೋರಾಟದಲ್ಲಿ ಉಪ್ಪು ತರೋಕೆ ನಡ್ಕೊಂಡು ಹೋಗ್ತಿದ್ದ ಹಳೇ ಕಾಲುದಾರಿಗಳೂ ಸಾಕ್ಷಿ ಹೇಳಿದ್ವು. ಸಾಫ್ಟ್‌ವೇರ್‌ನಲ್ಲೂ ದಾರಿ ಇದೆ, ಆಸ್ಟ್ರೇಲಿಯಾದ ವಾರುಮುಂಗು ಜನರ ಜೊತೆ ಹುಟ್ಟಿದ ಮುಕುರ್ತು ಅನ್ನೋ ವ್ಯವಸ್ಥೆಯಲ್ಲಿ ಯಾವ ಫೈಲು ಯಾರಿಗೆ ಕಾಣಬೇಕು ಅಂತ ಆ ಸಮುದಾಯಾನೇ ನಿರ್ಧಾರ ಮಾಡುತ್ತೆ. ಬೀಗ ಇಡೋಕೆ ಆಗುತ್ತೆ. ಮನೆಯಲ್ಲಿ ಮಗು ಜೂನಿಲಿ ಊಟ ಕೇಳೋ ಹಾಗೆ ಮಾಡೋ ಸಾಫ್ಟ್‌ವೇರ್ ನಾನು ನೋಡಿಲ್ಲ.

ಹೋದ ವರ್ಷ ಜುಲೈನಲ್ಲಿ ಫೀನಿಕ್ಸ್‌ನಿಂದ ಶೋ ಲೋ ದಾಟಿ ನಾಲ್ಕೈದು ಗಂಟೆ ಓಡಿಸ್ಕೊಂಡು ಅಲ್ಲಿಗೆ ಹೋಗಿದ್ದೆ. ಮನೆಗಳ ಹಿಂದೆ ಮಣ್ಣಿನ ಗುಡ್ಡದ ಥರ ಬ್ರೆಡ್ಡಿನ ಒಲೆಗಳು, ಸೌದೆ ಹೊಗೆ ವಾಸನೆ. ಒಂದು ಮನೆ ಮುಂದೆ ಹಿರಿಯರೊಬ್ಬರು ಕಲ್ಲಲ್ಲಿ ಪುಟ್ಟ ಕರಡಿ ಕೆತ್ತುತ್ತಾ ಕೂತಿದ್ರು, ಅಲ್ಲಿ ಮನೆಮನೆಲೂ ಇದೇ ಕಸುಬು, ಕಲ್ಲು ಕೆತ್ತನೆ, ಬೆಳ್ಳಿಗೆ ನೀಲಿ ಕಲ್ಲು ಕೂರಿಸೋದು. ಒಳಗಿಂದ ಅವರ ಹೆಂಡತಿ ಜೂನಿಲಿ ಏನೋ ಕೂಗಿದ್ರು, ಹತ್ತು ಹನ್ನೊಂದು ವರ್ಷದ ಮೊಮ್ಮಗ ಫೋನಿಂದ ತಲೆ ಎತ್ತದೆ ಇಂಗ್ಲಿಷಲ್ಲಿ "ಒಂದು ನಿಮಿಷ" ಅಂದ. ನಾನು ಕರಡಿ ತಗೊಂಡು, ಬಂದಿದ್ದ ಒಂದೇ ಪದ ಎಲಾಹ್ಕ್ವ, ಥ್ಯಾಂಕ್ಸ್ ಅಂತ ಅರ್ಥ, ಅಷ್ಟು ಹೇಳಿ, ಮೊಮ್ಮಗನಿಗೆ ಕಥೆ ಹೇಳ್ತೀರಾ ಅಂತ ಇಂಗ್ಲಿಷಲ್ಲೇ ಕೇಳಿದೆ. ಅವರು ಬಿಸಿಲು ನೋಡಿ ನಕ್ಕು, ಈಗಲ್ಲ, ಹಾವು ಮಲಗಿದ ಮೇಲೆ, ಅಂದ್ರು. ಹೇಳ್ತೀನಿ, ಇವನು ಈಸೋನೂ ಅಂತಾನೆ, ಆದ್ರೆ ಮಧ್ಯೆ ಮಧ್ಯೆ ತಡೆದು ಆ ಪದ ಏನು ಈ ಪದ ಏನು ಅಂತ ಇಂಗ್ಲಿಷಲ್ಲಿ ಕೇಳ್ತಾನೆ, ನಿಲ್ಲಿಸಿ ಹೇಳಬೇಕು. ನಮ್ಮಪ್ಪ ಒಂದು ಗಂಟೇಲಿ ಮುಗಿಸ್ತಿದ್ದ ಕಥೆ ನನಗೆ ಎರಡು ರಾತ್ರಿ ಹಿಡಿಯುತ್ತೆ ಅಂತ ಹೇಳಿ ಕಲ್ಲಿನ ಪುಡಿ ಊದಿ ಇನ್ನೊಂದು ಕರಡಿ ಕೈಗೆ ತಗೊಂಡ್ರು.